ಪರಸ್ಥಳದಿಂದ ಬಾಯಿಗೆ ಬರುವ ಅರ್ಬುದ

ಮನೆಗೆ ಹೆಬ್ಬಾಗಿಲು ಹೇಗೋ ದೇಹಕ್ಕೆ ಬಾಯಿ ಹಾಗೆ. ಅನ್ನವೂ ನೀರೂ ಅದರ ಮೂಲಕವೇ ಒಳಗೆ ಹೋಗಬೇಕು. ಒಳಗಿನ ಸುಖದುಃಖಗಳು ಮಾತಾಗಿ ಅದರ ಮೂಲಕವೇ ಹೊರಗೆ ಬರಬೇಕು. ವೈದ್ಯರು ರೋಗಿಯ ಬಳಿ ಕುಳಿತೊಡನೆ "ನಾಲಗೆ ಚಾಚಿ" ಎನ್ನುವುದು ಬರಿಯ ವಾಡಿಕೆಯ ಮಾತಲ್ಲ. ರಕ್ತಹೀನತೆ, ಮಧುಮೇಹ, ಪೋಷಕಾಂಶಗಳ ಕೊರತೆ ಮೊದಲಾದ ಎಷ್ಟೋ ದೋಷಗಳ ಸುದ್ದಿಯು ಬಾಯಿಯಲ್ಲಿ ಮೊದಲು ತಿಳಿದುಬರುವುದುಂಟು. ಇಂತಹ ಸುದ್ದಿಗಳಲ್ಲಿ ಅತಿ ಅಪರೂಪವಾದುದೂ ಅತಿ ಗಂಭೀರವಾದುದೂ ಆದ ಒಂದನ್ನು ಕುರಿತು ನಮ್ಮ ವಾಚಕರೊಡನೆ ಈ ತಿಂಗಳು ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ. ವಿಷಯವು ಹಿತವಾದುದಲ್ಲ; ಆದರೆ ಗೃಹಸ್ಥರಾದವರು ಅರಿತಿರಬೇಕಾದುದು.

ಬಾಯಿಯ ಕ್ಯಾನ್ಸರ್ ಎಂದರೆ ನಮ್ಮ ನಾಡಿನಲ್ಲಿ ತಿಳಿಯದವರಿಲ್ಲ. ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿ, ಅಡಕೆ ಇವುಗಳ ದೀರ್ಘಕಾಲದ ಸಹವಾಸದಿಂದ ಕೆನ್ನೆಯ ಒಳಭಾಗದಲ್ಲಿಯೋ ನಾಲಗೆಯ ಅಂಚಿನಲ್ಲಿಯೋ ಹುಟ್ಟುವ ವ್ಯಾಧಿ ಅದು. ಮೈಸೂರಿನ ವೀಳೆಯದೆಲೆ ನಿರಪರಾಧಿ. ಅದರೊಳಗೆ ಮಡಿಸುವ ಹೊಗೆಸೊಪ್ಪೂ ಅಡಕೆಯೂ ಅಪರಾಧಿಗಳು. ಹೊಗೆಸೊಪ್ಪಿಲ್ಲದ ಅಡಕೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದ್ದಾರೆ. ಇದು ಬಾಯಿಯಲ್ಲಿಯೇ ಹುಟ್ಟಿ ಬಾಯಿಯಲ್ಲಿಯೇ ಬೆಳೆಯುವ ರೋಗ.

ನಾವು ಈಗ ಹೇಳಹೊರಟಿರುವುದು ಬೇರೊಂದು ಬಗೆ. ಇದರ ಹುಟ್ಟೂರು ಸ್ತನ, ಶ್ವಾಸಕೋಶ, ಮೂತ್ರಪಿಂಡ, ಪ್ರಾಸ್ಟೇಟ್ ಗ್ರಂಥಿ, ಥೈರಾಯ್ಡ್ ಗ್ರಂಥಿ, ದೊಡ್ಡ ಕರುಳು ಮುಂತಾದ ದೂರದ ಅಂಗಗಳು. ಅಲ್ಲಿ ಹುಟ್ಟಿ, ರಕ್ತದಲ್ಲಿ ಪ್ರಯಾಣಮಾಡಿ, ದವಡೆಯ ಎಲುಬಿನಲ್ಲಿಯೋ ಒಸಡಿನಲ್ಲಿಯೋ ಬಂದು ನೆಲೆಸುತ್ತದೆ. ಒಂದು ದಿನವೂ ಹೊಗೆಸೊಪ್ಪನ್ನು ಮುಟ್ಟದ ಗೃಹಿಣಿಗೂ ಬರಬಹುದು. ಬಾಯಿಯಲ್ಲಿ ಕಾಣಿಸುವ ಎಲ್ಲ ಕ್ಯಾನ್ಸರುಗಳಲ್ಲಿ ಇಂತಹವು ನೂರಕ್ಕೆ ಸುಮಾರು ಒಂದು ಮಾತ್ರ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಅಷ್ಟು ಅಪರೂಪವಾದುದಕ್ಕೆ ಇಷ್ಟು ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ಹೀಗೆ ಬಂದ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ತಮ್ಮ ಒಡಲಿನಲ್ಲಿ ಬೇರೆಲ್ಲಿಯೋ ಕ್ಯಾನ್ಸರ್ ಇದೆಯೆಂಬುದು ಈ ಬಾಯಿಯ ಲಕ್ಷಣದಿಂದಲೇ ಮೊದಲು ತಿಳಿದುಬರುತ್ತದೆ. ದೂತನು ಬಾಗಿಲಲ್ಲಿ ನಿಂತು ಸುದ್ದಿ ಹೇಳುತ್ತಿರುವಾಗ ಅವನನ್ನು ಹಲ್ಲುನೋವೆಂದು ಕರೆದು ಅಟ್ಟಿಬಿಡುವುದು ವಿವೇಕವಲ್ಲ.

ಹೆಸರಿನ ವಿಚಾರ

ಒಂಟಿಕೊಪ್ಪಲ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಲ್ಲಿಂದ ಹೊರಡುವ ಪಂಚಾಂಗ. ಆ ಪಂಚಾಂಗದ ರಾಶಿಗಳ ಸಾಲಿನಲ್ಲಿ ನಾಲ್ಕನೆಯದು ಕರ್ಕಾಟಕ, ಎಂದರೆ ಏಡಿ. ಇಂಗ್ಲಿಷರು ಆ ರಾಶಿಗೂ ಈ ರೋಗಕ್ಕೂ ಕ್ಯಾನ್ಸರ್ ಎಂಬ ಒಂದೇ ಹೆಸರನ್ನಿಟ್ಟಿದ್ದಾರೆ. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡುದರಿಂದ ಪ್ರಾಚೀನ ಗ್ರೀಕ್ ವೈದ್ಯರು ಹಾಗೆ ಕರೆದರೆಂದು ಹೇಳುವುದುಂಟು. ರಾಶಿಗೂ ರೋಗಕ್ಕೂ ಹೆಸರಿನ ಹೊರತು ಬೇರೆ ಯಾವ ಸಂಬಂಧವೂ ಇಲ್ಲ. ಕರ್ಕಾಟಕ ರಾಶಿಯವರು ಕಳವಳಪಡಬೇಕಾಗಿಲ್ಲ.

ನಮ್ಮ ಪೂರ್ವಿಕರು ಬಳಸಿದ ಶಬ್ದ ಅರ್ಬುದ. ಸುಶ್ರುತಾಚಾರ್ಯನು ಬಾಯಿಯ ರೋಗಗಳನ್ನು ೬೫ ಎಂದು ಎಣಿಸಿದ್ದಾನೆ. ಅರ್ಬುದವನ್ನು ಹೇಳುವಲ್ಲಿ, ಒಮ್ಮೆ ಹುಟ್ಟಿದ ಗಡ್ಡೆಯ ಮೇಲೆ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದವೆಂದೂ, ಎರಡು ಗಡ್ಡೆಗಳು ಒಟ್ಟಿಗೆ ಅಥವಾ ಒಂದಾದಮೇಲೊಂದು ತೋರಿದರೆ ದ್ವಿರರ್ಬುದವೆಂದೂ, ಅದು ಗುಣಪಡಿಸಲು ಆಗದ್ದೆಂದೂ ಬರೆದಿದ್ದಾನೆ. ರಕ್ತದಲ್ಲಿ ಕಣಗಳು ಪ್ರಯಾಣಮಾಡುವುದನ್ನು ಅವನು ಕಂಡಿರಲಿಲ್ಲ. ಆದರೆ ಎರಡನೆಯ ಗಡ್ಡೆಯು ಕಾಣಿಸಿಕೊಂಡರೆ ರೋಗದ ಸ್ಥಿತಿ ಬದಲಾಯಿತೆಂಬ ಅನುಭವ ಅವನ ಕಾಲದ ವೈದ್ಯರಿಗೆ ಇದ್ದಿತೆಂಬುದು ಇದರಿಂದ ತೋರುತ್ತದೆ.

ಗೋಪುರದ ಮೇಲಣ ಅರಳಿಯ ಗಿಡ

ದೂರದ ರೋಗವು ದವಡೆಗೆ ಬರುವುದು ಹೇಗೆ? ನಮ್ಮ ದೇವಾಲಯಗಳ ಗೋಪುರಗಳನ್ನು ನೋಡಿರಿ. ಯಾರೂ ನೆಡದ ಅರಳಿಯ ಗಿಡವೊಂದು ಗಾರೆಯ ಬಿರುಕಿನಲ್ಲಿ ಚಿಗುರಿರುತ್ತದೆ. ಎಲ್ಲಿಯೋ ಇರುವ ಮರದ ಹಣ್ಣನ್ನು ಹಕ್ಕಿ ತಿಂದು, ಹಾರುತ್ತ ಬೀಜವನ್ನು ಉದುರಿಸಿತು. ನೂರಾರು ಬೀಜಗಳು ನುಣುಪಾದ ಕಲ್ಲಿನ ಮೇಲೆ ಬಿದ್ದು ಒಣಗಿಹೋದವು. ಒಂದು ಮಾತ್ರ, ತೇವವೂ ಧೂಳೂ ಸೇರಿದ ಬಿರುಕಿನಲ್ಲಿ ಬಿದ್ದು ಮೊಳೆಯಿತು. ಕ್ಯಾನ್ಸರ್ ಕಣಗಳೂ ಹೀಗೆಯೇ. ಮೂಲದ ಗಡ್ಡೆಯಿಂದ ಕಳಚಿ ರಕ್ತದಲ್ಲಿ ಸೇರುವ ಕಣಗಳು ಅಸಂಖ್ಯ. ಅವುಗಳಲ್ಲಿ ಬಹುಪಾಲು ನಾಶವಾಗುತ್ತವೆ. ತಕ್ಕ ನೆಲ ಸಿಕ್ಕಿದ ಕೆಲವೇ ಕಣಗಳು ಬೇರೂರುತ್ತವೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎಂಬಾತನು ಸ್ತನದ ಕ್ಯಾನ್ಸರಿನಿಂದ ಮೃತರಾದ ೭೩೫ ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಎಲ್ಲೆಂದರಲ್ಲಿ ಹರಡದೆ ಕೆಲವು ಅಂಗಗಳನ್ನೇ ಆರಿಸಿಕೊಳ್ಳುವುದೆಂದು ೧೮೮೯ರಲ್ಲಿ ತೋರಿಸಿಕೊಟ್ಟನು. ಬೀಜವೂ ನೆಲವೂ ಹೊಂದಬೇಕೆಂಬ ಅವನ ಸಿದ್ಧಾಂತವು ಇಂದಿಗೂ ಮಾನ್ಯವಾಗಿದೆ.

ದವಡೆಯಲ್ಲಿ ಈ ನೆಲ ಯಾವುದು? ಕೆಳದವಡೆಯ ಹಿಂಭಾಗದಲ್ಲಿ, ಅರೆಯುವ ಹಲ್ಲುಗಳ ಬುಡದ ಎಲುಬಿನೊಳಗೆ, ರಕ್ತವನ್ನು ಹುಟ್ಟಿಸುವ ಕೆಂಪು ಮಜ್ಜೆಯು ಇರುತ್ತದೆ. ಅಲ್ಲಿ ರಕ್ತದ ಹರಿವು ನಿಧಾನ. ತೇಲಿಬಂದ ಕಣಗಳಿಗೆ ತಂಗಲು ಅನುಕೂಲ. ಆದ್ದರಿಂದಲೇ ಎಲುಬಿಗೆ ಬರುವ ಇಂತಹ ಗಡ್ಡೆಗಳಲ್ಲಿ ಬಹುಪಾಲು ಮೇಲ್ದವಡೆಯನ್ನು ಬಿಟ್ಟು ಕೆಳದವಡೆಯ ಹಿಂಭಾಗದಲ್ಲಿಯೇ ಕಾಣುತ್ತವೆ. ಬಾಯಿಯ ಮೃದು ಭಾಗಗಳಲ್ಲಿ ಒಸಡು ಮೊದಲನೆಯದು, ನಾಲಗೆ ಎರಡನೆಯದು. ಒಸಡು ಬಹುಕಾಲ ಊದಿಕೊಂಡಿದ್ದರೆ ಅಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟುತ್ತಿರುತ್ತವೆ. ಗೋಪುರದ ಬಿರುಕಿನಂತೆ ಅವು ಕಣಗಳನ್ನು ಹಿಡಿದಿಡುತ್ತವೆಂದು ತಜ್ಞರ ಊಹೆ. ಹಲ್ಲುಳ್ಳವರಲ್ಲಿಯೇ ಒಸಡಿನ ಗಡ್ಡೆಗಳು ಹೆಚ್ಚಾಗಿ ಕಾಣುವುದು ಈ ಊಹೆಗೆ ಬೆಂಬಲವಾಗಿದೆ.

ಯಾವ ಅಂಗದಿಂದ ಬರುವುದೆಂಬುದರಲ್ಲಿ ಹೆಂಗಸರಿಗೂ ಗಂಡಸರಿಗೂ ವ್ಯತ್ಯಾಸವಿದೆ. ಹೆಂಗಸರಲ್ಲಿ ದವಡೆಯ ಎಲುಬಿಗೆ ಬರುವುದರಲ್ಲಿ ಸ್ತನದ ಕ್ಯಾನ್ಸರಿನದೇ ಮೊದಲ ಸ್ಥಾನ. ಗಂಡಸರಲ್ಲಿ ಶ್ವಾಸಕೋಶದ್ದು ಮುಂದು. ಪ್ರಾಸ್ಟೇಟ್ ಮತ್ತು ಮೂತ್ರಪಿಂಡದವು ಅದರ ಜೊತೆಗಾರರು. ಬೆಂಗಳೂರಿನಲ್ಲಿ ೧೯೮೨ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿಯು ಕ್ರಮವಾಗಿ ನಡೆದುಬಂದಿದೆ. ಮೊದಮೊದಲು ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿದ್ದುದು ಈಗ ಹಿಂದಾಗಿ, ಸ್ತನದ ಕ್ಯಾನ್ಸರ್ ಮೊದಲನೆಯದಾಗಿದೆಯೆಂದು ಅದರಿಂದ ತಿಳಿಯುತ್ತದೆ. ಅಂದಮೇಲೆ ದವಡೆಯ ಈ ವಿಷಯವನ್ನು ನಮ್ಮ ನಾಡಿನ ಕುಟುಂಬಗಳು ಹಿಂದಿಗಿಂತ ಇಂದು ಹೆಚ್ಚಾಗಿ ತಿಳಿದಿರಬೇಕಾಗಿದೆ.

ಗದ್ದದ ಜೋಮು

ಈ ರೋಗದ ಲಕ್ಷಣಗಳಲ್ಲಿ ಒಂದನ್ನು ಮಾತ್ರ ನಮ್ಮ ವಾಚಕರು ಎಂದಿಗೂ ಮರೆಯಬಾರದೆಂದು ನಮ್ಮ ಅರಿಕೆ. ಅದನ್ನು ವಿಶದಪಡಿಸಲು ಒಂದು ಕಲ್ಪಿತ ಸಂಸಾರವನ್ನು ನೆನೆಯೋಣ.

ಒಂಟಿಕೊಪ್ಪಲಿನ ಒಂದು ಮನೆ. ಯಜಮಾನಿತಿಗೆ ಅರುವತ್ತೆರಡು ವಯಸ್ಸು. ಆರು ವರ್ಷಗಳ ಕೆಳಗೆ ಸ್ತನದ ಗಂಟಿಗಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಗುಣವಾಯಿತೆಂದು ಎಲ್ಲರೂ ಸಂತೋಷಪಟ್ಟರು; ಆಮೇಲೆ ಮನೆಯಲ್ಲಿ ಆ ಮಾತನ್ನೇ ಯಾರೂ ಎತ್ತಲಿಲ್ಲ. ಒಂದು ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಲೋಟದ ಅಂಚು ಕೆಳದುಟಿಯ ಒಂದು ಪಕ್ಕಕ್ಕೆ ತಿಳಿಯಲಿಲ್ಲ. ಹಲ್ಲಿನ ವೈದ್ಯರು ಸೂಜಿ ಹಾಕಿದಮೇಲೆ ಆಗುವಂತೆ ಗದ್ದವೆಲ್ಲ ಜೋಮು. ನೋವಿಲ್ಲ, ಊತವಿಲ್ಲ. ಸೊಸೆಯು ನೋಡಿ, "ಅತ್ತೆ, ತುಟಿಯ ಹತ್ತಿರ ಅನ್ನದಗುಳು ಅಂಟಿದೆ, ನಿಮಗೆ ತಿಳಿಯಲಿಲ್ಲವೆ?" ಎಂದಳು. "ವಯಸ್ಸಾಯಿತಲ್ಲವೆ, ತಾಯಿ, ಗಾಳಿ ಬಡಿದಿರಬೇಕು" ಎಂದು ಆಕೆ ನಕ್ಕರು. ಲವಂಗದ ಎಣ್ಣೆ ಆಯಿತು, ಉಪ್ಪುನೀರು ಆಯಿತು. ತಿಂಗಳ ಮೇಲೆ ಹಿಂದಿನ ಹಲ್ಲೊಂದು ಅಲುಗಾಡತೊಡಗಿತು. ಹಲ್ಲು ಕೀಳಿಸಲು ಹೋದರು. ವೈದ್ಯರು ಹಳೆಯ ಕಾಯಿಲೆಗಳ ವಿಚಾರ ಕೇಳಿದರೆ, ಸಕ್ಕರೆಯ ಕಾಯಿಲೆಯಿಲ್ಲ, ರಕ್ತದ ಒತ್ತಡವಿಲ್ಲ ಎಂದಷ್ಟೇ ಹೇಳಿದರು. ಹಲ್ಲಿಗೂ ಎದೆಗೂ ಏನು ಸಂಬಂಧವೆಂದು ಹಳೆಯ ಶಸ್ತ್ರಚಿಕಿತ್ಸೆಯನ್ನು ಹೇಳಲಿಲ್ಲ. ಹಲ್ಲು ಕಿತ್ತ ಗಾಯವು ಮಾಯಲಿಲ್ಲ. ಅದರೊಳಗಿಂದ ಮಾಂಸವು ಬೆಳೆದು ಮೇಲಕ್ಕೆ ಬಂತು.

ಈ ಸಂಸಾರವು ಕಲ್ಪಿತವಾದರೂ ಇಲ್ಲಿ ಹೇಳಿದ ಕ್ರಮವು ವೈದ್ಯಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವಂತಹುದು. ಕಾರಣವು ಸರಳ. ಕೆಳದವಡೆಯ ಎಲುಬಿನೊಳಗೆ ಒಂದು ಕಾಲುವೆಯಿದೆ. ಅದರಲ್ಲಿ ಹಲ್ಲುಗಳ ನರವು ಹರಿದು, ಗದ್ದದ ಪಕ್ಕದ ಸಣ್ಣ ರಂಧ್ರದಿಂದ ಹೊರಬಿದ್ದು, ಕೆಳದುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಎಲುಬಿನೊಳಗೆ ಬೆಳೆಯುವ ಗಡ್ಡೆಯು ಈ ನರವನ್ನು ಅದುಮಿದರೆ, ಹೊರಗೆ ಊತ ಕಾಣುವುದಕ್ಕೆ ಎಷ್ಟೋ ಮುಂಚೆಯೇ ಗದ್ದವು ಮರಗಟ್ಟುತ್ತದೆ. ಕೆಲವೊಮ್ಮೆ ಗಡ್ಡೆಯು ದವಡೆಯಲ್ಲಿರದೆ ತಲೆಬುರುಡೆಯ ಬುಡದಲ್ಲಿ ಆ ನರದ ಮೂಲವನ್ನು ಒತ್ತುವುದೂ ಉಂಟು. ಸ್ತನದ ಕ್ಯಾನ್ಸರ್ ಇದ್ದ ವೃದ್ಧೆಯೊಬ್ಬಳಿಗೆ ತುಟಿ ಮರಗಟ್ಟಿದುದನ್ನು ಸರ್ ಚಾರ್ಲ್ಸ್ ಬೆಲ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನು ೧೮೩೦ರಲ್ಲಿಯೇ ಬರೆದಿಟ್ಟಿದ್ದಾನೆ. ಸುಮಾರು ಇನ್ನೂರು ವರ್ಷಗಳಿಂದ ತಿಳಿದಿರುವ ಲಕ್ಷಣವು ಮನೆಮಂದಿಗೆ ಇನ್ನೂ ತಿಳಿಯದಿರುವುದು ವಿಷಾದದ ಸಂಗತಿ.

ಹಾಗೆಂದು ವಾಚಕರು ಭಯಪಡಬಾರದು. ಬುದ್ಧಿಹಲ್ಲನ್ನು ಕೀಳಿಸಿದಮೇಲೆ, ದವಡೆಗೆ ಪೆಟ್ಟು ಬಿದ್ದಮೇಲೆ, ಹಲ್ಲಿನ ಬುಡದಲ್ಲಿ ಕೀವು ಕಟ್ಟಿದಾಗ ಗದ್ದವು ಜೋಮು ಹಿಡಿಯುವುದುಂಟು. ಅಲುಗುವ ಹಲ್ಲಿಗೆ ಸಾಮಾನ್ಯ ಕಾರಣ ಒಸಡಿನ ಪಯೋರಿಯಾ ರೋಗವೇ ಹೊರತು ಅರ್ಬುದವಲ್ಲ. ಆದರೆ ಯಾವ ಕಾರಣವೂ ಕಾಣದೆ ಗದ್ದವೋ ಕೆಳದುಟಿಯೋ ಮರಗಟ್ಟಿದರೆ, ಅದರಲ್ಲಿಯೂ ಹಿಂದೆ ಎಂದಾದರೂ ಕ್ಯಾನ್ಸರ್ ಚಿಕಿತ್ಸೆಯಾಗಿದ್ದವರಿಗೆ ಹೀಗಾದರೆ, ಒಂದು ವಾರವನ್ನೂ ಕಳೆಯದೆ ವೈದ್ಯರನ್ನು ಕಾಣತಕ್ಕದ್ದು. ಸುತ್ತಣ ಒಸಡು ಚೆನ್ನಾಗಿದ್ದು ಒಂದೇ ಹಲ್ಲು ಅಕಾರಣವಾಗಿ ಸಡಿಲವಾಗುವುದು, ಕಿತ್ತ ಹಲ್ಲಿನ ಗುಳಿ ವಾರಗಟ್ಟಲೆ ಮಾಯದಿರುವುದು, ಒಸಡಿನ ಮೇಲೆ ಬೇಗನೆ ಬೆಳೆದು ಸುಲಭವಾಗಿ ರಕ್ತ ಸುರಿಸುವ ಕೆಂಪು ಗುಳ್ಳೆ, ಕಟ್ಟಿಸಿಕೊಂಡ ಹಲ್ಲಿನ ಪಂಕ್ತಿಯು ಇದ್ದಕ್ಕಿದ್ದಂತೆ ಕೂಡದೆ ಹೋಗುವುದು, ಬಾಯಿ ತೆರೆಯಲು ಹೊಸದಾಗಿ ತೊಡಕಾಗುವುದು: ಇವೂ ಪರೀಕ್ಷೆಗೆ ಯೋಗ್ಯವಾದ ಲಕ್ಷಣಗಳು. ಬಾಯಿಯ ಯಾವ ಹುಣ್ಣೇ ಆಗಲಿ, ಎರಡು ವಾರಗಳಲ್ಲಿ ಮಾಯದಿದ್ದರೆ ತೋರಿಸಬೇಕೆಂಬುದು ಸಾಮಾನ್ಯ ನಿಯಮ.

ವೈದ್ಯರು ಮಾಡುವುದೇನು

ದಂತವೈದ್ಯರು ಮೊದಲು ಕ್ಷ-ಕಿರಣದ ಚಿತ್ರವನ್ನು ತೆಗೆಸುವರು. ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗಲಾಗದು. ಎಲುಬಿನ ಸುಣ್ಣದ ಅಂಶವು ನೂರಕ್ಕೆ ೩೦ರಿಂದ ೫೦ರವರೆಗೆ ಕರಗಿದ ಹೊರತು ಸಾಮಾನ್ಯ ಚಿತ್ರದಲ್ಲಿ ಕಲೆಯು ಕಾಣುವುದಿಲ್ಲ. ಆದಕಾರಣ ಸಿ.ಟಿ., ಎಂ.ಆರ್.ಐ. ಮುಂತಾದ ಸೂಕ್ಷ್ಮ ಚಿತ್ರಗಳು ಬೇಕಾಗುತ್ತವೆ. ಕೊನೆಯ ತೀರ್ಮಾನವು ಗಡ್ಡೆಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದಲೇ. ಚೂರು ತೆಗೆದರೆ ರೋಗವು ಕೆರಳಿ ಹರಡುವುದೆಂಬ ಭಯ ನಮ್ಮ ಜನರಲ್ಲಿ ಬಲವಾಗಿದೆ. ಇದಕ್ಕೆ ಆಧಾರವಿಲ್ಲ, ಈ ಭಯದಿಂದ ಕಳೆದುಹೋಗುವ ತಿಂಗಳುಗಳೇ ನಿಜವಾದ ಹಾನಿ. ಥೈರಾಯ್ಡ್ ಮತ್ತು ಮೂತ್ರಪಿಂಡದಿಂದ ಬಂದ ಗಡ್ಡೆಗಳಲ್ಲಿ ರಕ್ತನಾಳಗಳು ದಟ್ಟವಾಗಿದ್ದು ರಕ್ತಸ್ರಾವ ಹೆಚ್ಚಾಗಬಹುದಾದುದರಿಂದ, ವೈದ್ಯರಿಗೆ ಪೂರ್ವಕಥೆ ತಿಳಿದಿದ್ದರೆ ಅವರು ತಕ್ಕ ಎಚ್ಚರಿಕೆಯನ್ನು ವಹಿಸುವರು.

ಗೋಪುರದ ಮೇಲೆ ಬೆಳೆದರೂ ಅರಳಿಯು ಅರಳಿಯೇ. ದವಡೆಯಲ್ಲಿ ನೆಲೆಸಿದ ಸ್ತನದ ಕ್ಯಾನ್ಸರ್ ಸ್ತನದ ಕ್ಯಾನ್ಸರೇ ಆಗಿರುತ್ತದೆ. ವಿಶೇಷ ಬಣ್ಣಗಳನ್ನು ಹಾಕಿ ಪರೀಕ್ಷಿಸಿದರೆ ಕಣಗಳು ತಮ್ಮ ಹುಟ್ಟೂರನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ಔಷಧವೂ ಆ ಹುಟ್ಟೂರಿಗೆ ಸಂಬಂಧಿಸಿದ್ದೇ: ಸ್ತನ, ಪ್ರಾಸ್ಟೇಟುಗಳ ಅನೇಕ ಕ್ಯಾನ್ಸರುಗಳಿಗೆ ಹಾರ್ಮೋನ್ ಚಿಕಿತ್ಸೆ, ಥೈರಾಯ್ಡಿನ ಕೆಲವು ಬಗೆಗಳಿಗೆ ವಿಕಿರಣಶೀಲ ಅಯೊಡಿನ್, ಶ್ವಾಸಕೋಶದ ಕೆಲವು ಬಗೆಗಳಿಗೆ ಹೊಸದಾಗಿ ಬಂದಿರುವ ಗುರಿಯಿಟ್ಟ ಮಾತ್ರೆಗಳು. ದವಡೆಯ ನೋವಿಗೆ ಕೆಲವು ದಿನಗಳ ವಿಕಿರಣ ಚಿಕಿತ್ಸೆಯು ಬಹಳ ಉಪಶಮನವನ್ನು ಕೊಡುತ್ತದೆ.

ಮೈಸೂರಿನವರಿಗೆ ಇದಕ್ಕೆ ಅನುಕೂಲಗಳು ಸಮೀಪದಲ್ಲಿಯೇ ಇವೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ, ಅದಕ್ಕೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಊರಿನ ನಡುವೆಯೇ ಇವೆ. ಜೆ.ಎಸ್.ಎಸ್. ದಂತವೈದ್ಯ ಕಾಲೇಜು ೧೯೮೬ರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ನಾಡಿನ ಮೂಲೆಮೂಲೆಯ ರೋಗಿಗಳಿಗೆ ಆಶ್ರಯವಾಗಿದೆ. ೨೦೧೮ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿರುವುದರಿಂದ, ಬಡತನದ ಕಾರಣದಿಂದ ಪರೀಕ್ಷೆಯನ್ನು ಮುಂದೂಡಬೇಕಾಗಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಕ್ಯಾನ್ಸರ್ ಎಲುಬಿಗೆ ಹರಡಿದವರಿಗೆ ಎಲುಬನ್ನು ಗಟ್ಟಿಮಾಡಲು ಜೊಲೆಡ್ರಾನಿಕ್ ಆಮ್ಲ, ಡೆನೊಸುಮ್ಯಾಬ್ ಮುಂತಾದ ಔಷಧಗಳನ್ನು ಸೂಜಿಯಿಂದ ಕೊಡುವುದುಂಟು. ಅವುಗಳಿಂದ ಉಪಕಾರ ಬಹಳ. ಆದರೆ ಇಂತಹ ಔಷಧ ಪಡೆಯುತ್ತಿರುವವರ ಹಲ್ಲನ್ನು ಕಿತ್ತರೆ ಕೆಲವರಲ್ಲಿ ದವಡೆಯ ಎಲುಬು ಸತ್ತು ಬಯಲಾಗಿ ನಿಲ್ಲುವುದೆಂದು ೨೦೦೩ರಿಂದೀಚೆಗೆ ತಿಳಿದುಬಂದಿದೆ. ಆದ್ದರಿಂದ ಈ ಔಷಧವನ್ನು ಪ್ರಾರಂಭಿಸುವ ಮೊದಲೇ ಹಲ್ಲುಗಳ ಕೆಲಸವೆಲ್ಲವನ್ನೂ ಮುಗಿಸಿಕೊಳ್ಳತಕ್ಕದ್ದು. ಪ್ರಾರಂಭಿಸಿದಮೇಲೆ ದಂತವೈದ್ಯರಿಗೆ ತಿಳಿಸದೆ ಹಲ್ಲು ಕೀಳಿಸಲೇಬಾರದು.

ಮನೆಯವರ ಕರ್ತವ್ಯ

ಸತ್ಯವನ್ನು ಮರೆಮಾಡುವುದು ಸರಿಯಲ್ಲ. ಪರಸ್ಥಳದಿಂದ ದವಡೆಗೆ ಬಂದ ಅರ್ಬುದವೆಂದರೆ ರೋಗವು ಆಗಲೇ ದೇಹದಲ್ಲಿ ಹರಡಿದೆಯೆಂದು ಅರ್ಥ. ಪೂರ್ಣವಾಗಿ ಗುಣವಾಗುವುದು ಅಪರೂಪ. ಹಾಗಾದರೆ ಬೇಗ ತಿಳಿದು ಪ್ರಯೋಜನವೇನು? ಪ್ರಯೋಜನ ಬಹಳವಿದೆ. ತಕ್ಕ ಔಷಧದಿಂದ ಕೆಲವರು ವರ್ಷಗಳ ಕಾಲ ನೆಮ್ಮದಿಯಿಂದ ಬಾಳಬಹುದು. ದವಡೆಯು ಮುರಿಯದಂತೆ, ಊಟಮಾತುಗಳು ನಿಲ್ಲದಂತೆ, ನೋವು ಹೆಚ್ಚದಂತೆ ನೋಡಿಕೊಳ್ಳಬಹುದು. ಬೇಡದ ಹಲ್ಲು ಕೀಳುವಿಕೆಯನ್ನು ತಪ್ಪಿಸಬಹುದು. ರೋಗಿಯು ತನ್ನ ವ್ಯವಹಾರಗಳನ್ನು ತಾನೇ ವ್ಯವಸ್ಥೆಗೊಳಿಸಿ, ಕಾಣಬೇಕಾದವರನ್ನು ಕಂಡು, ಆಡಬೇಕಾದ ಮಾತುಗಳನ್ನು ಆಡಬಹುದು. ಕೊನೆಯ ದಿನಗಳಲ್ಲಿ ನೋವನ್ನು ನಿವಾರಿಸುವ ಶಾಸ್ತ್ರವೇ ಈಗ ಬೆಳೆದಿದೆ. ಬೆಂಗಳೂರಿನ ಕರುಣಾಶ್ರಯವು ಇಂತಹ ರೋಗಿಗಳಿಗೆ ಹಣವನ್ನು ತೆಗೆದುಕೊಳ್ಳದೆ ಶುಶ್ರೂಷೆ ಮಾಡುತ್ತ ಬಂದಿದೆ. ನೋವನ್ನು ಸಹಿಸಿಕೊಂಡಿರುವುದೇ ದೊಡ್ಡತನವೆಂದು ಹಿರಿಯರು ಭಾವಿಸುವುದನ್ನು ಕಿರಿಯರು ವಿನಯದಿಂದ ಬಿಡಿಸಬೇಕು.

ರೋಗಿಗೆ ಹೇಳಬೇಕೆ, ಬೇಡವೆ ಎಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಏಳುತ್ತದೆ. ಮಕ್ಕಳು ವೈದ್ಯರ ಕೊಠಡಿಯ ಹೊರಗೆ ನಿಂತು "ಅಮ್ಮನಿಗೆ ಹೇಳಬೇಡಿ, ಡಾಕ್ಟರೇ" ಎಂದು ಕೈಮುಗಿಯುವುದು ಪ್ರೀತಿಯಿಂದಲೇ. ಆದರೆ ಮರಗಟ್ಟಿದ ತುಟಿಯು ಆಕೆಯದು. ಮೈಯೊಳಗಣ ಬದಲಾವಣೆ ಆಕೆಗೆ ಮೊದಲೇ ತಿಳಿದಿರುತ್ತದೆ. ಎಲ್ಲರೂ ಸುಮ್ಮನಿದ್ದರೆ ಆಕೆಯು ಒಬ್ಬಳೇ ಆ ಭಾರವನ್ನು ಹೊರಬೇಕಾಗುತ್ತದೆ. ಎಷ್ಟು ತಿಳಿಯಬೇಕೆಂದು ಆಕೆ ಬಯಸುವಳೋ ಅಷ್ಟನ್ನು ಮೆಲ್ಲನೆ, ಸುಳ್ಳಿಲ್ಲದೆ ಹೇಳುವುದೇ ಉತ್ತಮವೆಂದು ನಮಗೆ ತೋರುತ್ತದೆ.

ಇನ್ನು ಮುಂಜಾಗರೂಕತೆ. ದವಡೆಗೆ ಬರುವುದನ್ನು ತಡೆಯಬೇಕಾದರೆ ಹುಟ್ಟೂರಿನಲ್ಲಿಯೇ ರೋಗವನ್ನು ಹಿಡಿಯಬೇಕು. ಸ್ತನದಲ್ಲಿ ಗಂಟು ಕಂಡ ಸ್ತ್ರೀಯು ಸಂಕೋಚದಿಂದ ಅದನ್ನು ಮುಚ್ಚಿಡಬಾರದು. ಅಂತಹ ಸಂಕೋಚಕ್ಕೆ ಎಡೆಯಿಲ್ಲದಂತೆ ಗಂಡನೂ ಮಕ್ಕಳೂ ನಡೆದುಕೊಳ್ಳಬೇಕು. ಬೀಡಿ ಸಿಗರೇಟುಗಳನ್ನು ಬಿಡುವುದು ಬಾಯಿಗೂ ಶ್ವಾಸಕೋಶಕ್ಕೂ ಏಕಕಾಲದಲ್ಲಿ ಮಾಡುವ ಉಪಕಾರ. ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ಹೊಗೆಸೊಪ್ಪು ನಮ್ಮ ಕಣ್ಣೆದುರಿಗೇ ಬೆಳೆಯುತ್ತಿರುವಾಗ ಈ ಮಾತನ್ನು ಮೈಸೂರಿನವರಿಗೆ ಎರಡು ಸಲ ಹೇಳಬೇಕಾಗಿದೆ. ಒಸಡುಗಳನ್ನು ಶುಚಿಯಾಗಿಟ್ಟುಕೊಳ್ಳುವುದು, ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ಬಾಯಿಯನ್ನು ತೋರಿಸುವುದು, ಕಷ್ಟವೂ ಅಲ್ಲ, ಬಹಳ ವೆಚ್ಚದ್ದೂ ಅಲ್ಲ.

ಎಲ್ಲಕ್ಕಿಂತ ಸುಲಭವಾದುದು ಇದು: ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಯಾನ್ಸರ್ ಚಿಕಿತ್ಸೆಯಾಗಿದ್ದರೆ, ಯಾವ ವರ್ಷ, ಯಾವ ಅಂಗ, ಯಾವ ಆಸ್ಪತ್ರೆ, ಯಾವ ಔಷಧ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಪಂಚಾಂಗವನ್ನು ತೂಗುಹಾಕುವ ಮೊಳೆಗೇ ಸಿಕ್ಕಿಸಿಡಿ. ಎಷ್ಟು ವರ್ಷಗಳು ಕಳೆದಿದ್ದರೂ ಸರಿಯೆ, ಹಲ್ಲಿನ ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿರಿ. ಅವರು ಕೇಳದಿದ್ದರೂ ತೋರಿಸಿರಿ.